ಬೋರಘಾಟದ ಗುತ್ತಿಗೆಯೂ ಕೂಲಿಯವನ ಪಗಾರವೂ

ಮುಂಬಯಿಯಿಂದ ವಿಜಾಪುರ, ಗದಗ, ಕಲಬುರ್ಗಿಗಳ ಕಡೆಗೆ ಹೊರಟ ನಮ್ಮವರಿಗೆ ಕರ್ಜತ್ ನಿಲ್ದಾಣವು ಚಿರಪರಿಚಿತವಾದುದು. ಅಲ್ಲಿ ಘಾಟ ಹತ್ತುವುದಕ್ಕಾಗಿ ಗಾಡಿಯ ಹಿಂದೆ ಬೇರೆ ಎಂಜಿನುಗಳು ಬಂದು ಸೇರುತ್ತವೆ. ಮಕ್ಕಳು ಸುರಂಗಗಳನ್ನು ಎಣಿಸತೊಡಗುತ್ತಾರೆ. ಹಿರಿಯರು ಬುತ್ತಿಯ ಗಂಟು ಬಿಚ್ಚುತ್ತಾರೆ. ಊರು ಅರ್ಧ ಹತ್ತಿರವಾದಂತೆಯೇ ಎನಿಸುತ್ತದೆ. ಆದರೆ ಈ ದಾರಿಯನ್ನು ಯಾರು ಗುತ್ತಿಗೆ ಹಿಡಿದರು, ಯಾರು ಕಲ್ಲು ಒಡೆದರು, ಅವರಿಗೆ ಪಗಾರ ಸರಿಯಾಗಿ ಮುಟ್ಟಿತೇ ಎಂದು ಯೋಚಿಸುವವರು ವಿರಳ. ಈ ಲೇಖಕನು ಬ್ಯಾಂಕಿನ ಗುಮಾಸ್ತ. ಗುತ್ತಿಗೆದಾರರ ಬ್ಯಾಂಕ್ ಗ್ಯಾರಂಟಿ ಕಾಗದಗಳನ್ನು ದಿನವೂ ನೋಡುವವನಾದ್ದರಿಂದ ಈ ಪ್ರಶ್ನೆ ಅವನಿಗೆ ಸಹಜವಾಗಿಯೇ ಬಂದಿತು.

ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯು 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಕರಾರು ಮಾಡಿಕೊಂಡಿತು. ಅದರಂತೆ ಇಂಗ್ಲೆಂಡಿನ ಪಾಲುದಾರರು ಹಾಕಿದ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯ ಖಾತರಿ ದೊರೆಯಿತು. ಲಾಭ ಬಂದರೂ ಸರಿ, ಬಾರದಿದ್ದರೂ ಸರಿ, ಬಡ್ಡಿ ತಪ್ಪುವಂತಿರಲಿಲ್ಲ; ಕೊರತೆ ಬಿದ್ದುದನ್ನು ಈ ದೇಶದ ಬೊಕ್ಕಸ ತುಂಬಿಕೊಡಬೇಕಾಗಿತ್ತು. ವಾಣಿಜ್ಯಶಾಸ್ತ್ರವನ್ನು ಅಷ್ಟಿಷ್ಟು ಓದಿದವರಿಗೂ ಇದರ ಅರ್ಥ ತಿಳಿಯುತ್ತದೆ: ಬಂಡವಾಳ ಹಾಕಿದವನಿಗೆ ಆತಂಕವಿಲ್ಲ, ಆತಂಕವೆಲ್ಲ ಕೆಳಗಿನವರಿಗೆ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿತು. ಆ ಹಾದಿಯ ಕೆಲಸವನ್ನು ಫೇವಿಯಲ್ ಮತ್ತು ಫೌಲರ್ ಎಂಬ ಆಂಗ್ಲ ಗುತ್ತಿಗೆದಾರರು ಮಾಡಿದ್ದರು. ಮುಂದಿನ ಹಾದಿಯ ಕೆಲವು ಗುತ್ತಿಗೆಗಳನ್ನು ಜಮ್ಶೆಟ್‌ಜಿ ದೊರಾಬ್ಜಿ ಎಂಬ ಪಾರ್ಸಿ ಗೃಹಸ್ಥರು ಪಡೆದು ಚೆನ್ನಾಗಿ ನೆರವೇರಿಸಿದರು. ಇಂಥ ಕೆಲಸ ಈ ದೇಶದವರ ಕೈಲಾಗದೆಂಬ ಮಾತು ಹೀಗೆ ಮೊದಲಲ್ಲಿಯೇ ಸುಳ್ಳಾಯಿತು.

ಇನ್ನು ಸಹ್ಯಾದ್ರಿಯನ್ನು ಏರುವ ಪ್ರಶ್ನೆ. ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಅವರು ಬೋರಘಾಟದಲ್ಲಿ ಗೆರೆ ಎಳೆದರು. ಹಾದಿಯ ಉದ್ದ ಸುಮಾರು 16 ಮೈಲಿ, ಏರು 1,831 ಅಡಿ, ಸುರಂಗಗಳು 25, ದೊಡ್ಡ ಕಮಾನುಸೇತುವೆಗಳು 8. ಕೆಲವೆಡೆ 37 ಅಡಿಗೆ ಒಂದು ಅಡಿಯಂತೆ ಏರಬೇಕು. ಬಂಡೆಯಾದರೋ ಗಟ್ಟಿ ಕರಿಕಲ್ಲು. ಇಷ್ಟನ್ನೂ ಒಂದೇ ಗುತ್ತಿಗೆಯಾಗಿ ಅದೇ ಫೇವಿಯಲ್ ಅವರಿಗೆ ಕೊಡಲಾಯಿತು. 1856ರ ಜನವರಿಯಲ್ಲಿ ಕೆಲಸ ಆರಂಭವಾಯಿತು. 1858ರಲ್ಲಿ ಖಂಡಾಳದಿಂದ ಪುಣೆಯವರೆಗಿನ ಹಾದಿ ತೆರೆದರೂ ನಡುವಿನ ಘಾಟ ಮಾತ್ರ ಹಾಗೆಯೇ ಉಳಿದಿತ್ತು. ಪ್ರಯಾಣಿಕರು ಕೆಳಗೆ ಇಳಿದು, ಪಲ್ಲಕ್ಕಿಯಲ್ಲೋ ತಟ್ಟುವಿನ ಮೇಲೋ ಘಾಟ ಹತ್ತಿ, ಮೇಲೆ ಮತ್ತೊಂದು ಗಾಡಿ ಹಿಡಿಯಬೇಕಾಗಿತ್ತು.

ಗುತ್ತಿಗೆ ಒಬ್ಬನದಾದರೂ ಕೆಲಸ ಸಾವಿರಾರು ಜನರದು. ದೊಡ್ಡ ಗುತ್ತಿಗೆದಾರನ ಕೆಳಗೆ ತುಂಡುಗುತ್ತಿಗೆದಾರ, ಅವನ ಕೆಳಗೆ ಮುಕಾದಮ, ಮುಕಾದಮನ ಕೆಳಗೆ ಕೂಲಿಕಾರರ ತಂಡ. ಮುಕಾದಮನೇ ಹಳ್ಳಿಗೆ ಹೋಗಿ ಮುಂಗಡ ಕೊಟ್ಟು ಜನರನ್ನು ಕರೆತರುತ್ತಿದ್ದನು. ಪಗಾರವೂ ಅವನ ಕೈಯಿಂದಲೇ ಇಳಿದು ಬರಬೇಕು. ಪಶ್ಚಿಮ ಮತ್ತು ದಕ್ಷಿಣ ಭಾರತದ ರೈಲು ಕಾಮಗಾರಿಗಳಲ್ಲಿ ಮಣ್ಣು ಕಲ್ಲಿನ ಕೆಲಸದಲ್ಲಿ ನುರಿತ ವಡ್ಡರು ಹೆಂಡಿರು ಮಕ್ಕಳೊಡನೆ ಊರಿಂದೂರಿಗೆ ಹೋಗಿ ದುಡಿದರು. ನಮ್ಮ ನಾಡಿನ ಕೆರೆ ಬಾವಿಗಳನ್ನು ತೋಡಿದ ಕೈಗಳೂ ಈ ಜನರವೇ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಮೇಲಿನಿಂದ ಹಣ ತಡವಾದರೆ ಇಂಥ ಏಣಿಯ ಕೊನೆಯ ಮೆಟ್ಟಿಲಿನಲ್ಲಿರುವವನ ಗತಿ ಏನು? 1859ರ ಜನವರಿಯಲ್ಲಿ ಇದಕ್ಕೆ ಉತ್ತರ ದೊರೆಯಿತು. ಕೂಲಿ ಸಕಾಲಕ್ಕೆ ಸಿಗದೆ ಬೇಸತ್ತ ಜನ ಘಾಟದಲ್ಲಿ ರೊಚ್ಚಿಗೆದ್ದರು. ಗಲಭೆಯಾಯಿತು, ಯುರೋಪಿಯನ್ ನೌಕರರು ಪೆಟ್ಟು ತಿಂದರು, ಪ್ರಾಣಹಾನಿಯೂ ಆಯಿತು. ಅದೇ ವರ್ಷ ಫೇವಿಯಲ್ ಗುತ್ತಿಗೆಯನ್ನು ಬಿಟ್ಟುಕೊಟ್ಟರು. ಮರುವರ್ಷ, ಎಂದರೆ 1860ರಲ್ಲಿ, ರೈಲ್ವೆ ಕಾಲುವೆ ಮುಂತಾದ ಸಾರ್ವಜನಿಕ ಕಾಮಗಾರಿಗಳ ಕೂಲಿಯ ತಕರಾರುಗಳನ್ನು ಮ್ಯಾಜಿಸ್ಟ್ರೇಟರು ಬೇಗನೆ ತೀರ್ಮಾನಿಸಬೇಕೆಂಬ ಕಾಯದೆ ಬಂದಿತು. ಆದರೆ ಆ ಕಾಯದೆಗೆ ಎರಡು ಅಲಗು. ಕೂಲಿ ಕೊಡಿಸುವ ದಾರಿ ಅದರಲ್ಲಿದ್ದಂತೆಯೇ, ಕರಾರು ಮುರಿದು ಕೆಲಸ ಬಿಟ್ಟ ಕೂಲಿಯವನನ್ನು ಶಿಕ್ಷಿಸುವ ದಾರಿಯೂ ಇತ್ತು.

ಹೊಸ ಗುತ್ತಿಗೆಯು ಸಾಲೊಮನ್ ಟ್ರೆಡ್‌ವೆಲ್ ಅವರಿಗೆ ಹೋಯಿತು. 1859ರಲ್ಲಿ ಅವರು ಈ ದೇಶಕ್ಕೆ ಬಂದಿಳಿದು ಕೆಲವೇ ದಿನಗಳಲ್ಲಿ ಕಾಯಿಲೆಯಿಂದ ತೀರಿಕೊಂಡರು. ಆಗ ಅವರ ಪತ್ನಿ ಆಲಿಸ್ ಟ್ರೆಡ್‌ವೆಲ್ ಅವರು ಗುತ್ತಿಗೆಯನ್ನು ತಮ್ಮ ಹೆಸರಿನಲ್ಲಿ ಮುಂದುವರಿಸಿದರು. ಆಡಮ್ಸನ್ ಮತ್ತು ಕ್ಲೌಸರ್ ಎಂಬ ಎಂಜಿನಿಯರುಗಳಿಗೆ ಮೇಲ್ವಿಚಾರಣೆಯನ್ನು ವಹಿಸಿದರು. ಪರದೇಶದಲ್ಲಿ ಪತಿಯನ್ನು ಕಳೆದುಕೊಂಡ ಹೆಣ್ಣುಮಗಳು ಕೈಚೆಲ್ಲಿ ಕೂಡದೆ ಇಂಥ ಕೆಲಸವನ್ನು ಕಡೆಮುಟ್ಟಿಸಿದುದು ಸಾಮಾನ್ಯವೇ? 1861ರ ಆರಂಭದಲ್ಲಿ ಘಾಟದಲ್ಲಿ 42,000 ಜನ ದುಡಿಯುತ್ತಿದ್ದರು. ಕಾಲರಾ ಬೇನೆ ಅವರ ಗುಡಿಸಲುಗಳನ್ನು ಹೊಕ್ಕು ಬಹಳ ಮಂದಿಯನ್ನು ಬಲಿ ತೆಗೆದುಕೊಂಡಿತು. 1863ರ ಏಪ್ರಿಲ್ 21ರಂದು ಗವರ್ನರ್ ಸರ್ ಬಾರ್ಟಲ್ ಫ್ರಿಯರ್ ಅವರು ಹಾದಿಯನ್ನು ತೆರೆದರು. ಬರ್ಕ್ಲಿ ಅವರಿಗೆ ಆ ದಿನವನ್ನು ಕಾಣುವ ಭಾಗ್ಯವಿರಲಿಲ್ಲ; ಅವರು 1862ರಲ್ಲಿಯೇ ನಿಧನರಾಗಿದ್ದರು.

ಕೆಲಸವೇನೋ ಮುಗಿಯಿತು. ಆದರೆ 1867ರಲ್ಲಿ ಮ್ಹಾವ್-ಕಿ-ಮಲ್ಲಿ ಎಂಬಲ್ಲಿಯ ಕಮಾನುಸೇತುವೆ ಕುಸಿದುಬಿದ್ದಿತು. ಕಟ್ಟುವಾಗ ಮಾಡಿದ ಲೋಪವನ್ನು ಕಲ್ಲು ಬಹಳ ದಿನ ಮುಚ್ಚಿಡಲಾರದು.

ಈ ಹಾದಿಯಿಂದ ನಮ್ಮವರಿಗೆ ಆದ ಪ್ರಯೋಜನವನ್ನು ಮರೆಯುವಂತಿಲ್ಲ. 1871ರಲ್ಲಿ ರಾಯಚೂರಿನಲ್ಲಿ ಮುಂಬಯಿಯ ಹಳಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. 1876-78ರ ಘೋರ ಬರದ ತರುವಾಯ, 1880ರ ದಶಕದಲ್ಲಿ, ಹೋಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೇಲೆ ಗದಗಿಗೆ ಹಳಿ ಬಂದಿತು. ಬರದ ನಾಡಿನಿಂದ ಹೊಟ್ಟೆಪಾಡಿಗಾಗಿ ಹೊರಟವರಿಗೆ ಮುಂಬಯಿಯ ಬಾಗಿಲು ತೆರೆದುದು ಹೀಗೆ. ನಮ್ಮಲ್ಲಿ ಎಷ್ಟೋ ಮನೆಗಳ ಅಜ್ಜಂದಿರು ಒಂದು ಟ್ರಂಕು, ಒಂದು ಕಂಬಳಿಯೊಡನೆ ಈ ಘಾಟವನ್ನು ಇಳಿದು ಬಂದವರೇ.

ಈಗ ಒಂದು ಸಣ್ಣ ಸಂಗತಿಯನ್ನು ಹೇಳಬೇಕು. ಹೋದ ವರ್ಷ ನಮ್ಮ ಶಾಖೆಯ ಕಿಟಕಿಗೆ ಕಲಬುರ್ಗಿಯ ಕಡೆಯ ಒಬ್ಬ ಕಟ್ಟಡ ಕೆಲಸಗಾರನು ಮೂರು ವಾರ ತಪ್ಪದೆ ಬಂದನು. ಪಾಸ್‌ಬುಕ್ಕು ಒಳಗೆ ನೂಕಿ, “ಸಾಹೇಬ್ರ, ರೊಕ್ಕ ಬಂದದ ಏನ್ರಿ?” ಎಂದು ಕೇಳುವನು. ಬಂದಿರಲಿಲ್ಲ. ಅವನು ದುಡಿದುದು ಒಂದು ಸಾರ್ವಜನಿಕ ಕಾಮಗಾರಿಯಲ್ಲಿ. ಗುತ್ತಿಗೆದಾರನ ಹೆಸರು ಕೇಳಿದರೆ ಅವನಿಗೆ ಗೊತ್ತಿಲ್ಲ. ಊರಿನ ಮುಕಾದಮನ ಹೆಸರೊಂದೇ ಗೊತ್ತು. ನಾನು ಬರೆದುಕೊಟ್ಟ ಅರ್ಜಿ ಹಿಡಿದು ಕಾಮಗಾರಿಯ ಕಚೇರಿಗೆ ಅಲೆದ ಮೇಲೆ ಅವನಿಗೆ ಅರ್ಧ ಹಣ ಬಂದಿತು. ಉಳಿದರ್ಧಕ್ಕೆ ಕಾಯುವಷ್ಟು ವ್ಯವಧಾನ ಅವನ ಹೊಟ್ಟೆಗಿರಲಿಲ್ಲ, ಊರಿಗೆ ಹೋದನು. ಅವನೂ ಅದೇ ಘಾಟವನ್ನೇ ಹತ್ತಿ ಹೋಗಿರಬೇಕು.

ಟೆಂಡರು ಹಾಕುವವನಿಂದ ನಾವು ಠೇವಣಿ ಕೇಳುತ್ತೇವೆ, ಬ್ಯಾಂಕಿನ ಖಾತರಿ ಕೇಳುತ್ತೇವೆ. ಕೆಲಸ ಕೆಟ್ಟರೆ ಸರಕಾರಕ್ಕೆ ನಷ್ಟವಾಗಬಾರದೆಂಬ ಎಚ್ಚರ ಅದು, ತಪ್ಪಲ್ಲ. ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲಮಾಲಿಕನೇ ಕೊಡಬೇಕೆಂಬ ತತ್ತ್ವವನ್ನು 1970ರ ಗುತ್ತಿಗೆ ಕಾರ್ಮಿಕರ ಕಾಯದೆ ಒಪ್ಪಿಕೊಂಡಿತು. ಬೋರಘಾಟದ ಗಲಭೆಯಿಂದ ಅಲ್ಲಿಗೆ 111 ವರ್ಷ. ಆದರೆ ಮೂಲಮಾಲಿಕ ಯಾರೆಂಬುದೇ ತಿಳಿಯದವನಿಗೆ ಕಾಯದೆಯಿಂದೇನು ಫಲ?

ಆದುದರಿಂದ ಸಂಘದ ಸದಸ್ಯರಲ್ಲಿ ಒಂದು ವಿಜ್ಞಾಪನೆ. ನಮ್ಮ ನಾಡಿನಿಂದ ದುಡಿಯಲು ಬಂದವನು ಸಿಕ್ಕಿದರೆ ಊರು ಯಾವುದೆಂದು ಕೇಳುವುದರ ಜೊತೆಗೆ, ಗುತ್ತಿಗೆದಾರನ ಹೆಸರೇನು, ಕಾಮಗಾರಿ ಯಾವ ಕಚೇರಿಯದು, ಹಾಜರಿಯನ್ನು ಯಾರು ಬರೆಯುತ್ತಾರೆ ಎಂದು ಕೇಳೋಣ. ಅವನ ಬಳಿ ಒಂದು ಚೀಟಿಯಲ್ಲಿ ಅದನ್ನೆಲ್ಲ ಬರೆಯಿಸಿ ಇಡೋಣ. ಒಂದು ಭಾನುವಾರದ ಎರಡು ತಾಸು ಸಂಘದ ಕೋಣೆಯಲ್ಲಿ ಅರ್ಜಿ ಬರೆದುಕೊಡಲು ಕುಳಿತುಕೊಳ್ಳುವವರು ಮುಂದೆ ಬಂದರೆ ಈ ಲೇಖಕನು ಮೊದಲ ಹೆಸರು ಕೊಡುತ್ತಾನೆ. ಬೋರಘಾಟದ ಚರಿತ್ರೆಯಲ್ಲಿ ಗುತ್ತಿಗೆದಾರರ ಹೆಸರುಗಳಿವೆ, ಎಂಜಿನಿಯರುಗಳ ಹೆಸರುಗಳಿವೆ. ಕಲ್ಲು ಒಡೆದವರಿಗೆ ಸಿಕ್ಕಿದ್ದು 42,000 ಎಂಬ ಸಂಖ್ಯೆಯೊಂದೇ. ಈಗ ಬರುತ್ತಿರುವವರ ಹೆಸರನ್ನಾದರೂ ನಾವು ಬರೆದಿಟ್ಟುಕೊಳ್ಳೋಣ.