ಹಲಾಲ್ ಆಹಾರ: ಜೆಲಾಟಿನ್ ಮತ್ತು ರೆನೆಟ್

ತರಗತಿಯಲ್ಲಿ ಹುಟ್ಟುಹಬ್ಬದ ಜೆಲ್ಲಿ ಮಿಠಾಯಿ ಹಂಚುವಾಗ ಕೆಲವು ಮಕ್ಕಳು ಕೈ ಹಿಂತೆಗೆಯುವುದನ್ನು ಶಿಕ್ಷಕರಾದ ನಾವು ಕಂಡಿದ್ದೇವೆ. ಅವರ ಸಂಶಯ ಅಕಾರಣವಲ್ಲ. ಜೆಲ್ಲಿಯಲ್ಲಿ ಬಳಸುವ ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಪ್ರೋಟೀನು. ಹಂದಿಯ ಚರ್ಮ ಅದರ ಮುಖ್ಯ ಮೂಲಗಳಲ್ಲೊಂದು. ಹಲಾಲ್ ತಯಾರಿಕೆಗೆ ಮೀನಿನ ಚರ್ಮದ ಜೆಲಾಟಿನ್ ಉಂಟು. ಶೀತಜಲದ ಮೀನಿನದಾದರೆ ಬೇಗನೆ ಕರಗುವುದೊಂದು ತೊಡಕು. ಕಡಲಪಾಚಿಯ ಅಗರ್, ಹಣ್ಣಿನ ಸಿಪ್ಪೆಯ ಪೆಕ್ಟಿನ್ ಸಸ್ಯಮೂಲದ ಪರ್ಯಾಯಗಳು.

ಚೀಸ್ ತಯಾರಿಕೆಯಲ್ಲಿ ಹಾಲು ಒಡೆಯಲು ಕರುವಿನ ಜಠರದ ರೆನೆಟ್ ಬಳಸುತ್ತಿದ್ದರು. ಅದರ ಕಿಣ್ವವಾದ ಕೈಮೋಸಿನ್ ಅನ್ನು ಈಗ ಸೂಕ್ಷ್ಮಜೀವಿಗಳೇ ಉತ್ಪಾದಿಸುತ್ತವೆ. ಅಮೆರಿಕ ಇದಕ್ಕೆ 1990ರಲ್ಲಿ ಅನುಮತಿಯಿತ್ತಿತು.

ನಮ್ಮ ಪೊಟ್ಟಣಗಳ ಮೇಲಿನ ಕಂದು ಗುರುತು ಮಾಂಸಾಹಾರವೆನ್ನುತ್ತದೆ, ಯಾವ ಪ್ರಾಣಿಯದೆಂದು ಹೇಳದು. ಹಸಿರು ಗುರುತೂ ಸಾಲದು: ಪರಿಮಳದ ಸಾರಗಳಲ್ಲಿ ಮದ್ಯಸಾರ ದ್ರಾವಕವಾಗಿರಬಹುದು.