ಕೂಡು ಚಿಹ್ನೆಗೆ ಎರಡು ಅರ್ಥ

ಬೆಳಗೊಳದ ನಮ್ಮ ಮನೆಯಲ್ಲಿ ಚಿಕ್ಕವ್ವ ಕಂಪ್ಯೂಟರ್ ಕಲಿಯಲು ಹೊರಟಾಗ ಅವರ ಕೈಯಲ್ಲಿದ್ದದ್ದು ತರಬೇತಿ ಕೇಂದ್ರವೊಂದು ಕೊಟ್ಟ ಜೆರಾಕ್ಸ್ ಕೈಪಿಡಿ. ಮಹಿಳಾ ಸಂಘದ ಲೆಕ್ಕವನ್ನು ‘ನುಡಿ’ ತಂತ್ರಾಂಶದಲ್ಲಿ ತಾವೇ ಟೈಪ್ ಮಾಡಬೇಕೆಂಬುದು ಅವರ ಆಸೆ.

ಆ ಕೈಪಿಡಿಯ ಒಂದೇ ಪುಟದಲ್ಲಿ ‘ಕ್ತ’ ಬರೆಯಲು ಕೆ + ಎಫ್ + ಟಿ ಎಂದೂ, ಕಡತ ಉಳಿಸಲು ಕಂಟ್ರೋಲ್ + ಎಸ್ ಎಂದೂ ಅಚ್ಚಾಗಿತ್ತು. ಮೊದಲನೆಯದರಲ್ಲಿ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಬೇಕು. ಎರಡನೆಯದರಲ್ಲಿ ಕಂಟ್ರೋಲ್ ಹಿಡಿದುಕೊಂಡೇ ಎಸ್ ಒತ್ತಬೇಕು. ಚಿಹ್ನೆ ಮಾತ್ರ ಒಂದೇ. ಚಿಕ್ಕವ್ವ ಕಂಟ್ರೋಲ್ ಒತ್ತಿ, ಬಿಟ್ಟು, ಎಸ್ ಒತ್ತಿದರು. ಲೆಕ್ಕದ ಕೊನೆಗೆ ಒಂದು ‘ಸ’ ಮೂಡಿತು, ಕಡತ ಉಳಿಯಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಇಡೀ ಮಧ್ಯಾಹ್ನದ ಕೆಲಸವೂ ಹೋಯಿತು.

“ಪುಸ್ತಕದಲ್ಲಿ ಹಂಗೇ ಬರ್ದವ್ರೆ ಕನ ಮಗ” ಎಂದರು. ನಾನು ನಕ್ಕಿದ್ದೆ.

ಹಳಗನ್ನಡ ವ್ಯಾಕರಣದ ಮೇಲೆ ಸಂಶೋಧನೆ ಮಾಡುತ್ತಿರುವ ಈಗ ಆ ನಗು ನನ್ನನ್ನೇ ಚುಚ್ಚುತ್ತದೆ. ಚಿಕ್ಕವ್ವ ಶಾಲೆಯಲ್ಲಿ ಕಲಿತದ್ದು ‘ಊರು + ಅಲ್ಲಿ = ಊರಲ್ಲಿ’. ಸಂಧಿ ಬಿಡಿಸುವಾಗ ಆ ಚಿಹ್ನೆಗೆ ‘ಇದಾದ ಮೇಲೆ ಅದು’ ಎಂದೇ ಅರ್ಥ. ಮೈಕ್ರೋಸಾಫ್ಟ್ ಕೈಪಿಡಿಗಳ ರೂಢಿಯಲ್ಲಿ ಅದಕ್ಕೆ ‘ಒಟ್ಟಿಗೆ ಒತ್ತಿ’ ಎಂದರ್ಥ. ಒಂದಾದ ಮೇಲೊಂದು ಒತ್ತುವುದಕ್ಕೆ ಅಲ್ಪವಿರಾಮ ಬಳಸುತ್ತಾರೆ. ಎರಡು ರೂಢಿಗಳು ಒಂದೇ ಪುಟದಲ್ಲಿ ಎದುರಾಗಿದ್ದವು. ಹಾಗೆಂದು ಯಾರೂ ಹೇಳಿರಲಿಲ್ಲ.

ತೊಡಕು ಕೀಲಿಮಣೆಯದಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯಲ್ಲಿ ಒತ್ತಕ್ಷರಗಳಿಗೆ ಬೇರೆ ಕೀಲಿಗಳೇ ಇಲ್ಲ. ವ್ಯಂಜನ, ನಡುವೆ ಕೊಂಡಿಯಾಗಿ ಎಫ್, ಮತ್ತೆ ವ್ಯಂಜನ. ಕನ್ನಡ ವ್ಯಾಕರಣ ಬಲ್ಲವರ ಕೈಗೆ ಸಹಜವಾಗಿ ಒಗ್ಗುವ ಕ್ರಮವಿದು. ಸೋತದ್ದು ಅದನ್ನು ವಿವರಿಸಿದ ಪುಟ.

13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಕಂದಪದ್ಯದಲ್ಲಿ ಸೂತ್ರ, ಅದನ್ನು ಬಿಡಿಸುವ ಗದ್ಯದ ವೃತ್ತಿ, ಹಿಂದಿನ ಕವಿಗಳಿಂದ ಆಯ್ದ ಪ್ರಯೋಗ: ಹೀಗೆ ಮೂರು ಮೆಟ್ಟಿಲು ಕಟ್ಟಿದ. ನಮ್ಮ ಎಷ್ಟೋ ಕೈಪಿಡಿಗಳು ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತವೆ.

ಕಳೆದ ದಸರಾ ರಜೆಯಲ್ಲಿ ಆ ಪುಟವನ್ನು ಹೊಸದಾಗಿ ಬರೆದೆ. ಅಕ್ಷರದ ಕೀಲಿಗಳಿಗೆ 1, 2, 3 ಎಂದು ಕ್ರಮಸಂಖ್ಯೆ ಕೊಟ್ಟೆ. ಕೂಡು ಚಿಹ್ನೆ ತೆಗೆದು ‘ಕಂಟ್ರೋಲ್ ಹಿಡಿದುಕೊಂಡು ಎಸ್ ಒತ್ತಿ’ ಎಂದು ಬರೆದೆ. ಅದರ ಕೆಳಗೆ ಇನ್ನೊಂದು ಸಾಲು: ‘ತೆರೆಯ ಮೇಲೆ ಸ ಮೂಡಿದರೆ ಕಡತ ಉಳಿದಿಲ್ಲ, ಮತ್ತೆ ಒತ್ತಿ.’

ಚಿಕ್ಕವ್ವ ಕನ್ನಡಕ ಹಾಕಿಕೊಂಡು ಕೊನೆಯ ಸಾಲನ್ನು ಎರಡು ಸಲ ಓದಿದರು. “ಇದೊಂದ್ನ ಆಗ್ಲೇ ಬರ್ದಿದ್ರೆ ಅವ್ರ ಗಂಟೇನು ಹೋಗ್ತಿತ್ತು?” ಎಂದರು.