ಗೋಣಿಬೀಡಿನ ಗೋಣಿ: ಚೀಲವೋ, ಮರವೋ?

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿಗೆ ‘ಗೋಣಿಚೀಲ ಹೇರಿದ ಎತ್ತುಗಳು ಬೀಡುಬಿಟ್ಟ ಊರು’ ಎಂದು ಅರ್ಥ ಹೇಳುವವರಿದ್ದಾರೆ. ಗೋಣಿಮರವನ್ನು ನೆನಪಿಸಿದರೆ, ಚೀಲವನ್ನು ಆ ಮರದ ತೊಗಟೆಯಿಂದಲೇ ಮಾಡುತ್ತಿದ್ದರು, ಹೆಸರು ಹಾಗಾಗಿಯೇ ಬಂತು ಎಂಬ ತೇಪೆ ಸಿದ್ಧವಾಗಿರುತ್ತದೆ. ಈ ತೇಪೆ ನಿಲ್ಲದು.

ಚೀಲದ ಅರ್ಥದ ‘ಗೋಣೀ’ ಪಾಣಿನಿಯ ಸೂತ್ರಗಳಲ್ಲೇ ಇದೆ. ಪತಂಜಲಿ ಇದೇ ಉಚ್ಚಾರದ ಮಾತನ್ನು ‘ಗೌಃ’ ಎಂಬುದರ ಅಪಭ್ರಂಶಗಳ ಸಾಲಿಗೆ ಸೇರಿಸಿದ್ದಾನೆ. (ಇದನ್ನು ಹಿಡಿದು ಹಸುವಿನಿಂದ ಚೀಲಕ್ಕೆ, ಚೀಲದಿಂದ ಮರಕ್ಕೆ ಜಿಗಿಯುವವರ ಜೊತೆ ವಾದಿಸುವ ತಾಳ್ಮೆ ನನಗಿಲ್ಲ.) 1886ರ ‘ಹಾಬ್ಸನ್-ಜಾಬ್ಸನ್’ ಕೋಶವೂ ಇಂಗ್ಲಿಷಿನ ‘ಗನ್ನಿ’ಯನ್ನು ಈ ಸಂಸ್ಕೃತ ಶಬ್ದಕ್ಕೇ ಒಯ್ಯುತ್ತದೆ. ಅಷ್ಟರಮಟ್ಟಿಗೆ ತಕರಾರಿಲ್ಲ. ಆದರೆ ದಕ್ಷಿಣದಲ್ಲಿ ಗೋಣಿ ನೇಯುತ್ತಿದ್ದುದು ಜನಪ ಎಂಬ ಗಿಡದ ನಾರಿನಿಂದ. ದಕ್ಷಿಣದ ಜಾತಿ-ಬುಡಕಟ್ಟುಗಳ ಬಗ್ಗೆ ಬರೆದ ಥರ್ಸ್ಟನ್ 1909ರಲ್ಲಿ ವರ್ಣಿಸಿದ ಜನಪ್ಪರ ಕಸುಬೇ ಅದು.

ತೊಗಟೆಯ ಚೀಲ ಇರಲಿಲ್ಲವೆಂದಲ್ಲ. ಮಲೆನಾಡಿನಲ್ಲಿ ಅದನ್ನು ಕೊಡುತ್ತಿದ್ದ ಮರ ಬೇರೆ, ಅಜ್ಜನಪಟ್ಟೆ. ಅದರ ಕಾಂಡದ ತುಂಡನ್ನು ನೆನೆಸಿ, ಬಡಿದು, ಸಡಿಲಗೊಂಡ ಒಳತೊಗಟೆಯನ್ನು ಕಾಲುಚೀಲ ಕಳಚಿದಂತೆ ಮಗುಚಿ ತೆಗೆಯುತ್ತಿದ್ದರು. ಬುಡದಲ್ಲಿ ಮರದ ಬಿಲ್ಲೆಯೊಂದನ್ನು ಹಾಗೇ ಬಿಟ್ಟರೆ ಅದೇ ತಳ. ಹೊಲಿಗೆಯ ಗೊಡವೆಯೇ ಇಲ್ಲ. ಸಸ್ಯಶಾಸ್ತ್ರಜ್ಞರು ಇದಕ್ಕೆ ‘ಸಕ್ಕಿಡೋರಾ’, ಅಂದರೆ ಚೀಲ ಕೊಡುವುದು ಎಂದೇ ಹೆಸರಿಟ್ಟರು. ಚೀಲದಿಂದ ಮರಕ್ಕೆ ಹೆಸರು ಬರುವುದಾಗಿದ್ದರೆ ಈ ಮರ ಗೋಣಿಯಾಗಬೇಕಿತ್ತು. ಆಗಲಿಲ್ಲ.

ಗೋಣಿಯಾದದ್ದು ಆಲ, ಅತ್ತಿ, ಬಸರಿಗಳ ಬಳಗದ ಮರ. ಹಳೆಯ ಪುಸ್ತಕಗಳ ಫೈಕಸ್ ಮೈಸೊರೆನ್ಸಿಸ್. ನಮ್ಮ ಭಾಷಾಶಾಸ್ತ್ರಜ್ಞರು ತೆರೆದು ನೋಡದ ಆಧಾರವೊಂದು ಇಲ್ಲಿದೆ: ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರು ಸೀಮೆಯ ಕಾಫಿ ಬೇಸಾಯದ ಬಗ್ಗೆ ಬರೆದ ಪುಸ್ತಕ. ಬೇಟೆಯ ಬಡಾಯಿಯನ್ನು ದಾಟಿ ಓದಿದರೆ, ಕಾಫಿಗೆ ಒಳ್ಳೆಯ ನೆರಳು ಕೊಡುವ ಮರಗಳಲ್ಲಿ ಬಸರಿಯ ಬಗೆಗಳ ಪಕ್ಕದಲ್ಲೇ ಗೋಣಿ ಸಿಗುತ್ತದೆ. ಅವನಿಗೆ ಅದು ನೆರಳು, ಚೀಲವಲ್ಲ.

ಹಾಗಾದರೆ ಮರದ ಹೆಸರು ಎಲ್ಲಿಂದ ಬಂತು? ಚಾರ್ಮಾಡಿ ಘಾಟಿ ಇಳಿದರೆ ತುಳುವರು ಇದೇ ಬಳಗದ ಮರವನ್ನು ಗೋಳಿ ಎನ್ನುತ್ತಾರೆ. ಹೂ ಕಾಣಿಸದೆ ಕಾಯಿ ಬಿಡುವ ಮರಕ್ಕೆ ತಮಿಳಿನಲ್ಲಿ ಕೋಳಿ. ಗೋಣಿ ಈ ಗೋಳಿಯ ಇನ್ನೊಂದು ರೂಪ ಎಂಬುದು ನನ್ನ ಊಹೆ. ಳಕಾರ-ಣಕಾರಗಳ ಅದಲುಬದಲು ಕನ್ನಡಕ್ಕೆ ಹೊಸದಲ್ಲ. ಗೋಣಿಚೀಲ ಹೊಲಿಯುವ ಸೂಜಿಯನ್ನೇ ನೋಡಿ: ಕೆಲವರಿಗೆ ದಬ್ಬಳ, ಕೆಲವರಿಗೆ ದಬ್ಬಣ. ಚೀಲದ ಪಕ್ಷದವರ ಕೈಯಲ್ಲಿರುವ ಸೂಜಿ ಮರದ ಪರವಾಗಿ ಸಾಕ್ಷಿ ಹೇಳುತ್ತಿದೆ!

ಎದುರುವಾದಕ್ಕೆ ಒಂದು ಬಲವಿದೆ, ಮುಚ್ಚಿಡಲಾರೆ. ಹೊಯ್ಸಳರ ಮೂಲನೆಲೆ ಸೊಸೆವೂರು ಎಂದು ಗುರುತಿಸಲಾದ ಅಂಗಡಿ ಇದೇ ಸೀಮೆಯಲ್ಲಿದೆ. ಆ ಹೆಸರೇ ವ್ಯಾಪಾರವನ್ನು ಸೂಚಿಸುತ್ತದೆ. ಬೀಡುಬಿಡುವುದು ವರ್ತಕರಿಗೂ ಸಲ್ಲುವ ಮಾತು. ಆದರೆ ಹೊಯ್ಸಳ ಶಾಸನಗಳ ‘ನೆಲೆವೀಡು’ ಅರಸನ ಬೀಡು, ಹೇರೆತ್ತಿನ ತಂಗುದಾಣವಲ್ಲ. ಅತ್ತಿಗುಂಡಿ, ಬಸರಿಕಟ್ಟೆಗಳಿರುವ ಜಿಲ್ಲೆಯಲ್ಲಿ ಗೋಣಿಬೀಡು ಒಂಟಿಯೂ ಅಲ್ಲ. (ಆಲ್ದೂರನ್ನೂ ಈ ಸಾಲಿಗೆ ಎಳೆಯುವ ಆಸೆಯಾಗುತ್ತದೆ, ತಡೆದುಕೊಂಡಿದ್ದೇನೆ.)

ಮರದ ಅರ್ಥ ಹಿಂದೆ ಸರಿದದ್ದರಲ್ಲಿ ತೋಟಗಳ ಪಾತ್ರವೂ ಇರಬೇಕು. ಕಾಫಿ, ಮೆಣಸು ತುಂಬುವುದು ಗೋಣಿಗೆ, ಮಳೆಯಲ್ಲಿ ತಲೆಗೆ ಗೋಣಿಕೊಪ್ಪೆ, ದೊಗಲೆ ಅಂಗಿ ತೊಟ್ಟವನನ್ನು ಹಂಗಿಸುವುದೂ ಗೋಣಿಚೀಲವೆಂದೇ. ನೆರಳಿಗೆ ಸಿಲ್ವರ್ ಓಕ್ ಬಂತು; ಕಡಿಯಲು ಅನುಮತಿ ಬೇಡದ ಮರಗಳಲ್ಲಿ ಅದೂ ಒಂದು. ಬಾಯಲ್ಲಿ ಉಳಿದದ್ದು ಚೀಲ.

ಇನ್ನು ಗೋಣಿಸೊಪ್ಪು. ಅದನ್ನು ಯಾವ ಪಕ್ಷದವರೂ ಸಾಕ್ಷಿಗೆ ಎಳೆಯದೆ ಬಸ್ಸಾರಿಗೆ ಹಾಕಿಕೊಳ್ಳುವುದು ಲೇಸು.